ಟೆಸ್ಸಿಯ ಬಲಗಾಲು

ಬ್ಯಾಲಿನಾರ, ಟಿಪ್ಪರೇರಿ
1999 ಮಾರ್ಚ್ 9, ಮಂಗಳವಾರ

ಪ್ರೀತಿಯ ಡಿಂಪ್ನಾ,

ನಿನ್ನ ಕ್ರಿಸ್ಮಸ್ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ನನ್ನ ಕೈಗೆ ಪೆನ್ನಿಗಿಂತ ನಾಯಿಯ ಹಗ್ಗವೇ ಒಗ್ಗಿದ್ದು, ನಿನಗೆ ಗೊತ್ತಲ್ಲ. ಮಕ್ಕಳ ಕೆಮ್ಮು ನಿಂತಿತೇ? ಆ ಗ್ಲಾಸ್ಗೋ ಗಾಳಿಗೆ ಹೆಬ್ಬಾತಿನ ಕೊಬ್ಬನ್ನು ಎದೆಗೆ ಸವರು. ಡಾಕ್ಟರು ನಗುತ್ತಾರೆ, ನಗಲಿ. ಸವರುವುದು ಅವರ ಎದೆಗಲ್ಲವಲ್ಲ.

ಇಲ್ಲಿ ನನ್ನ ಹೊಟ್ಟೆ ಉರಿದುಹೋಗಿದೆ. ಮೊನ್ನೆ ಭಾನುವಾರ ನಾಯಿ ಓಟದ ಮೈದಾನದವರು ಸನ್ಮಾನದ ಊಟ ಇಟ್ಟಿದ್ದರು. ಹೆಸರು ತಂದ ಗ್ರೇಹೌಂಡ್‌ಗಳನ್ನೂ ಅವಕ್ಕಾಗಿ ಬೆವರು ಸುರಿಸಿದವರನ್ನೂ ಗೌರವಿಸುವುದಂತೆ. ಒಂದು ಗೋಡೆಗೆ ಹೊಸ ಬಣ್ಣ ಬಳಿದು ಹಿತ್ತಾಳೆಯ ಫಲಕಗಳನ್ನು ಹೊಡೆದಿದ್ದಾರೆ. ಮೊದಲನೆಯದೇ ನಮ್ಮ ಟೆಸ್ಸಿಯದು, ಅವಳ ಓಟದ ಹೆಸರಿನಲ್ಲಿ: ‘ಬ್ಯಾಲಿನಾರ ರಾಣಿ, 1981ರ ಚಾಂಪಿಯನ್.’ ಅದರ ಕೆಳಗೆ, ‘ತರಬೇತುದಾರ: ಫಿಂಟನ್ ಹೆನೆಬ್ರಿ.’ ನಿನ್ನ ತಮ್ಮ! ಆ ಕಾಲದಲ್ಲಿ ಮಧ್ಯಾಹ್ನದ ಗಂಟೆ ಹೊಡೆದ ಮೇಲೆ ಹಾಸಿಗೆ ಬಿಡುತ್ತಿದ್ದ ಮಹಾಶಯ.

ಹೀಗಾಗುತ್ತದೆಂದು ಗೊತ್ತಾದಾಗಲೇ ನಾನು ಕಾರ್ಯದರ್ಶಿ ಹೋರ್ಗನ್‌ನ ಕಚೇರಿಗೆ ಹೋಗಿ ಕೂತಿದ್ದೆ.

“ಟೆಸ್ಸಿನ ತಯಾರು ಮಾಡಿದ್ದು ನನ್ನ ಮಗಳು ಕಣಯ್ಯಾ. ಅವಳ ಹೆಸರು ಹಾಕು.”

“ಲೈಸೆನ್ಸ್ ಯಾರ ಹೆಸರಲ್ಲಿತ್ತೋ ಅವರೇ ತರಬೇತುದಾರರು, ಮಿಸೆಸ್ ಹೆನೆಬ್ರಿ. ನಾವು ರಿಜಿಸ್ಟರ್ ನೋಡ್ತೀವಿ, ಮನೆ ಜಗಳ ನೋಡಲ್ಲ.”

“ಓಹೋ! ಬೆಳಿಗ್ಗೆ ಐದಕ್ಕೆದ್ದು ಆರು ಮೈಲಿ ನಾಯಿ ನಡೆಸ್ತಿದ್ದಿದ್ದು ನಿಮ್ಮ ರಿಜಿಸ್ಟರೇನು?”

“ಆ ಲೈಸೆನ್ಸಿನ ಅರ್ಜಿ ತಂದುಕೊಟ್ಟಿದ್ದು ನಿಮ್ಮ ಯಜಮಾನ್ರೇ ಅಲ್ವಾ?” ಎಂದ.

ನಾನು ಕೈಚೀಲ ಎತ್ತಿಕೊಂಡು ಎದ್ದು ಬಂದೆ.

ಊಟಕ್ಕೆ ಹೋಗಲೇಬಾರದು ಅಂದುಕೊಂಡಿದ್ದವಳು ಹೋದೆ. ಮೇಕೆಯೂ ಮೂಸದಷ್ಟು ಬೆಂದುಹೋದ ಕೋಸು, ಚಪ್ಪಲಿಯಂಥ ಮಾಂಸ. ನಿರೂಪಣೆ ಮಾಡುವವನು ಫಿಂಟನ್‌ನನ್ನು ವೇದಿಕೆಗೆ ಕರೆದು ಕೇಳಿದ: “ಗೆಣ್ಣು ಮುರಿದ ನಾಯಿನ ಮತ್ತೆ ಓಡಿಸಿ ಕಪ್ ಗೆಲ್ಲಿಸಿದ್ಯಲ್ಲಪ್ಪಾ, ಅದು ಹೇಗೆ?”

ನಿನ್ನ ತಮ್ಮ ಟೈ ಸರಿಮಾಡಿಕೊಂಡು, “ಗುಟ್ಟೇನಿಲ್ಲ, ತಾಳ್ಮೆ ಅಷ್ಟೇ. ದಿನಾ ಕೂತು ಆ ಎಡಗಾಲನ್ನ ತಿಕ್ಕಿ ತಿಕ್ಕಿ...” ಎಂದ.

ಮುನ್ನೂರು ಜನರ ಚಮಚದ ಸದ್ದು ನಿಂತಿತು. ಎಡಕ್ಕೇ ತಿರುಗುತ್ತ ಓಡುವ ನಾಯಿಗೆ ಮುರಿಯುವುದು ಹಿಂದಿನ ಬಲಗಾಲಿನ ಗೆಣ್ಣು ಎಂದು ನಮ್ಮೂರಿನಲ್ಲಿ ಪಾದ್ರಿಗೂ ಗೊತ್ತು. ಹಿಂದಿನ ಮೇಜಿನಿಂದ ಮುದುಕ ಬಾರ್ಟಿ ಕ್ವರ್ಕ್ ಕೂಗಿದ: “ಏನೋ ಫಿಂಟನ್, ನಿಮ್ಮ ನಾಯಿ ಮಾತ್ರ ಮೈದಾನನ ಉಲ್ಟಾ ಸುತ್ತುತಿತ್ತೇನೋ?”

ನಗು ಎಂದರೆ ನಗು. ಅದು ಮುಗಿಯುವ ಮೊದಲೇ ನಾನು ಎದ್ದು ನಿಂತಿದ್ದೆ.

“ಬಲಗಾಲು!” ಎಂದೆ. “ಅದನ್ನ ತಿಕ್ಕಿದ್ದು ನನ್ನ ಮಗಳು ಡಿಂಪ್ನಾ. ಚಳಿಗಾಲದಲ್ಲಿ ಎದೆಮಟ್ಟ ಹೊಳೆ ನೀರಲ್ಲಿ ನಿಂತು ಈಜಿಸಿದ್ದೂ ಅವಳೇ. ಆ ಫಲಕ ಕೀಳಿ!”

ಕಿತ್ತರೆಂದುಕೊಂಡೆಯಾ? ಹೋರ್ಗನ್ ಮೈಕು ಹಿಡಿದು, “ನಮ್ಮ ಹಿರಿಯ ತಾಯಿಗೆ ಒಂದು ಚಪ್ಪಾಳೆ,” ಎಂದ. ಎಲ್ಲರೂ ತಟ್ಟಿದರು. ಯಾರೋ ಹುಡುಗಿ ಬಂದು ನನಗೊಂದು ಹೂಗುಚ್ಛ ಕೊಟ್ಟು, ಭುಜ ಹಿಡಿದು ಕೂರಿಸಿದಳು. ನನಗೆ ಬಂದ ಸಿಟ್ಟಿಗೆ ಆ ಹೂವನ್ನೇ ಅಗಿದು ನುಂಗುತ್ತಿದ್ದೆ.

ಕಾರಿನಲ್ಲಿ ಫಿಂಟನ್, “ನನ್ನ ಮರ್ಯಾದೆ ತೆಗೆದ್ಯಲ್ಲಮ್ಮಾ,” ಎಂದ.

“ಇದ್ದಿದ್ರೆ ತಾನೇ ತೆಗೆಯೋದು?”

ಅವನು ರಸ್ತೆ ನೋಡುತ್ತಲೇ ಹೇಳಿದ: “ಆ ಲೈಸೆನ್ಸ್ ನಾನು ಕೇಳಿದ್ನಾ? ನೀನೂ ಅಪ್ಪನೂ ಅರ್ಜಿ ಮುಂದಿಟ್ಟು ಇಲ್ಲಿ ಸೈನ್ ಹಾಕು ಅಂದ್ರಿ, ಹಾಕ್ದೆ. ಅಕ್ಕ ಅವತ್ತಿಂದ ನನ್ನ ಮುಖ ನೋಡಿಲ್ಲ. ಫಲಕ ಅವಳಿಗೇ ಇರಲಿ, ನಂಗೇನೂ ಬೇಕಿಲ್ಲ.”

ಮನೆ ತಲುಪುವವರೆಗೂ ನಾನು ಬಾಯಿ ಬಿಡಲಿಲ್ಲ. ನಾನು! ನೀನು ನಂಬುವುದಿಲ್ಲ.

ನಿನ್ನೆ ಬಾರ್ಟಿ ಬಂದು ಚಹಾ ಕುಡಿದು ಹೋದ. ಬಲಗಾಲಿನ ವಿಷಯ ಮೈದಾನದ ಸಮಿತಿಯವರಿಗೂ ಚುಚ್ಚಿದೆಯಂತೆ. ನಿಜ ತರಬೇತುದಾರರು ಯಾರು, ಲೈಸೆನ್ಸು ಇನ್ನೊಬ್ಬರ ಹೆಸರಿಗೆ ಯಾಕೆ ಹೋಯಿತು ಎಂದು ಮನೆಯವರು ಬರೆದು ಸಹಿ ಹಾಕಿದರೆ ಫಲಕ ಬದಲಾಯಿಸುತ್ತಾರಂತೆ. “ಬರೆದುಬಿಡು ಹಾನೋರಾ, ನಾಲ್ಕು ಸಾಲು ತಾನೇ?” ಎಂದ. ಇಂದು ಬೆಳಿಗ್ಗೆ ಬರೆದು ಅಂಚೆಗೆ ಹಾಕಿದೆ. ಬೇರೆಯವರ ಬಾಯಿಂದ ಕೇಳುವ ಮೊದಲು ನೀನು ಓದಬೇಕೆಂದು ಇದನ್ನೂ ಇವತ್ತೇ ಹಾಕುತ್ತೇನೆ.

ನಿನಗೂ ನಿನ್ನ ಗಂಡನಿಗೂ ಆರೋಗ್ಯವಿರಲಿ. ಮಕ್ಕಳ ಹಣೆಗೆ ಅಜ್ಜಿಯ ಮುತ್ತು. ದೇವಮಾತೆ ನಿಮ್ಮೆಲ್ಲರನ್ನೂ ಬೆಚ್ಚಗಿಡಲಿ.

ನಿನ್ನ ಅಮ್ಮ,
ಹಾನೋರಾ

ತಾ.ಕ.: ಸಮಿತಿಗೆ ಬರೆದದ್ದನ್ನೇ ನಿನಗೂ ಬರೆಯುತ್ತೇನೆ. ನಿನ್ನ ಅಪ್ಪ ಆ ಅರ್ಜಿಯಲ್ಲಿ ಮೊದಲು ತುಂಬಿದ್ದು ನಿನ್ನ ಹೆಸರನ್ನು. ಅದನ್ನು ಒಲೆಗೆ ಹಾಕಿ ಇನ್ನೊಂದು ತರಿಸಿದವಳು ನಾನು. ಹುಡುಗಿ ಮದುವೆಯಾಗಿ ಹೋಗುತ್ತಾಳೆ, ನಾಯಿಗಳು ಗಂಡುಮಗನಿಗೇ ಉಳಿಯಲಿ ಎಂದೆ. ನೀನು ಅಪ್ಪನ ಮೇಲೆ ಕೂಗಾಡಿ ಮನೆ ಬಿಟ್ಟ ದಿನ ಅವರು ನನ್ನ ಕಡೆ ನೋಡಿದರು, ನನ್ನನ್ನು ಬಿಟ್ಟುಕೊಡಲಿಲ್ಲ. ಹದಿನಾಲ್ಕು ವರ್ಷ, ಸಾಯುವವರೆಗೂ ಹೇಳಲಿಲ್ಲ. ಅವರನ್ನು ಮಣ್ಣು ಮಾಡಿದ ದಿನ ನೀನು ಶವಪೆಟ್ಟಿಗೆಯ ಹತ್ತಿರ ಬರದೆ ಚರ್ಚಿನ ಕೊನೆಯ ಬೆಂಚಿನಲ್ಲೇ ಕೂತಿದ್ದೆ. ನಾನು ನಿನ್ನನ್ನು ನೋಡಿದೆ. ಎದ್ದು ಬಂದು ಹೇಳಬಹುದಿತ್ತು. ಎಲ್ಲರೂ ನೋಡುತ್ತಾರೆ ಎಂದು ಕೂತೇ ಇದ್ದೆ.