ಕರೇಕಲ್ಲು ಗೇಟ್, ೬.೪೮

೨೪ ನವೆಂಬರ್, ಸೋಮವಾರ

ಲ್ಯಾಬಿನಲ್ಲಿ ಹನ್ನೆರಡು ಕಂಪ್ಯೂಟರ್. ಇವತ್ತು ಆನ್ ಆಗಿದ್ದು ಒಂಬತ್ತು. ಮಕ್ಕಳು ಮೂವತ್ತೊಂದು. ಒಂದೊಂದು ಪರದೆಯ ಮುಂದೆ ಮೂರು ನಾಲ್ಕು ತಲೆ. ನಾಲ್ಕನೇ ಅಸೈನ್‌ಮೆಂಟ್ ಕೊಟ್ಟೆ — ಒಂದು ಪಟ್ಟಿ ಇರಬೇಕು, ಹೆಸರು ಒತ್ತಿದರೆ ಫೋನ್ ಹೋಗಬೇಕು. ಅಷ್ಟೇ.

ಕಂಪ್ಯೂಟರ್ ಮೇಷ್ಟ್ರು ಅಕ್ಟೋಬರ್‌ನಲ್ಲಿ ಬಿಟ್ಟು ಹೋದರು. ಈ ಆ್ಯಪ್ ಕ್ಲಾಸ್ ನನ್ನ ಪಾಲಿಗೆ ಬಂತು. ಎಂದೋ ಐದು ದಿನದ ಆನ್‌ಲೈನ್ ತರಬೇತಿ ಮಾಡಿದ್ದೆ, ಅದೇ ಅರ್ಹತೆ. ಕನ್ನಡ ಎಂ.ಎ. ಹದಿನೇಳು ವರ್ಷದಿಂದ ಅತಿಥಿ ಉಪನ್ಯಾಸಕಿ, ವರ್ಷವರ್ಷವೂ ಹೊಸ ಆರ್ಡರ್ ಬಂದರಷ್ಟೇ ಕೆಲಸ. ಪ್ರಿನ್ಸಿಪಾಲ್ ಪರ್ವತಯ್ಯನವರು ಕೇಳಿದರೆ ಇಲ್ಲ ಎನ್ನುವ ಬಾಯಿ ಅತಿಥಿಗೆಲ್ಲಿದೆ... ಕೋಡ್ ಬರೆಯಬೇಕಿಲ್ಲ, ಸದ್ಯ. ಬಣ್ಣದ ಬ್ಲಾಕ್ ಎಳೆದು ಒಂದಕ್ಕೊಂದು ಕೂರಿಸುವುದು. ಸರಿಯಾಗಿ ಕೂತರೆ ಟಕ್ ಎನ್ನುತ್ತದೆ. ಪದ್ಯ ಓದುವಾಗ ಒಂದು ಪದ ತನ್ನ ಜಾಗದಲ್ಲಿ ಕೂತರೆ ಒಳಗೆಲ್ಲೋ ಕೇಳುತ್ತದಲ್ಲ, ಅಂಥದೇ ಸದ್ದು.

ಕಳೆದ ಸಲ ಎಲ್ಲರೂ ಎಬಿಸಿ, ಎಕ್ಸ್‌ವೈಜೆಡ್, ೧೨೩೪೫ ತುಂಬಿ ತಂದಿದ್ದರು. ಜೀವವಿಲ್ಲದ ಪಟ್ಟಿ. ಈ ಸಲ ಅಸೈನ್‌ಮೆಂಟ್ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಹಾಕಿದೆ: ಸುಳ್ಳು ಹೆಸರು ಬೇಡ. ನಿಜವಾದ ಜನ, ನಿಜವಾದ ಊರು, ನಿಜವಾದ ನಂಬರ್ ಇರಲಿ. ಹಾಳೆ, ವಿಡಿಯೊ, ಮಕ್ಕಳು ಮಾಡಿದ ಆ್ಯಪ್ ಎಲ್ಲ ಆನ್‌ಲೈನಿನಲ್ಲಿ ಒಂದೇ ಫೋಲ್ಡರ್. ಲಿಂಕ್ ಇದ್ದವರಿಗೆಲ್ಲ ತೆರೆಯುವ ಹಾಗೆ ಇಟ್ಟಿದ್ದೇನೆ. ಅರ್ಧ ಮಕ್ಕಳಿಗೆ ಪಾಸ್‌ವರ್ಡ್ ನೆನಪಿರುವುದಿಲ್ಲ, ಏನು ಮಾಡಲಿ.

೨೬ ನವೆಂಬರ್, ಬುಧವಾರ

ಯುವರಾಜನ ಆ್ಯಪ್ ನೋಡುತ್ತ ಕೂತುಬಿಟ್ಟೆ. ಕೊಡಿಗೇನಹಳ್ಳಿಯ ಹುಡುಗ. ಕೊನೇ ಬೆಂಚು. ಮಾತು ಕಡಿಮೆ.

ಅಲ್ಲಿಂದ ಇಲ್ಲಿಗೆ, ಮಧುಗಿರಿಗೆ, ಬೆಳಗಿನ ಬಸ್ಸು ಆರೂವರೆಗೆ ಎಂದು ಹೆಸರು. ಆರೂ ಇಪ್ಪತ್ತಕ್ಕೂ ಹೊರಟೀತು, ಏಳಕ್ಕೂ. ಅದಕ್ಕೆ ಈ ಮಕ್ಕಳದೇ ಒಂದು ಪದ್ಧತಿ ಇದೆಯಂತೆ. ಬಸ್ಸು ಹತ್ತಿದವರು ಮುಂದಿನ ಗೇಟಿನವರಿಗೆ — ಊರ ದಾರಿ ರಸ್ತೆಗೆ ಸೇರುವಲ್ಲಿ ಬಸ್ಸು ನಿಲ್ಲುವ ಜಾಗವೇ ಗೇಟ್ — ಒಂದು ಮಿಸ್ಡ್ ಕಾಲ್. ಅವರು ಹತ್ತಿ ಅದರ ಮುಂದಿನವರಿಗೆ. ಕಾಲ್ ಬಂದ ಮೇಲೆ ಮನೆ ಬಿಟ್ಟರಾಯಿತು. ಹೆಣ್ಣುಮಕ್ಕಳು ಮಬ್ಬುಗತ್ತಲಲ್ಲಿ ರಸ್ತೆಗೆ ಬಂದು ಕಾಯಬೇಕಿಲ್ಲ.

ಅದನ್ನೇ ಆ್ಯಪ್ ಮಾಡಿದ್ದಾನೆ. ಹನ್ನೊಂದು ಗೇಟ್. ಪ್ರತಿ ಗೇಟಿಗೂ ಒಂದು ಹೆಸರು, ಬಸ್ಸು ಬರುವ ಅಂದಾಜು ಹೊತ್ತು, ಫೋನ್ ನಂಬರ್. ಆ್ಯಪಿನ ಹೆಸರು ‘ಬಂತಾ’. “ನೀವ್ ಹೇಳ್ದಂಗೇ ಮೇಡಂ, ಒಂದೂ ಸುಳ್ಳಿಲ್ಲ” ಎಂದ. ಕರೇಕಲ್ಲು ಗೇಟ್ — ಶೃತಿ — ೬.೪೮. ಒಂದು ಸಾಲಿನೊಳಗೆ ಒಂದು ಇಡೀ ಬೆಳಗು. ಶೃತಿ ಇದೇ ಕ್ಲಾಸಿನವಳು. ಮುಂದಿನ ಸಾಲಿನಲ್ಲಿ ಕೂರುವ ಹುಡುಗಿ, ಬ್ಲಾಕ್ ಎಳೆಯುವಾಗ ನಾಲಗೆ ಕಚ್ಚಿಕೊಳ್ಳುತ್ತಾಳೆ.

ಅವರನ್ನೆಲ್ಲ ಕೇಳಿ ಹಾಕಿದೆಯಾ ಎಂದು ನಾನು ಕೇಳಲಿಲ್ಲ. ಹೊಳೆಯಲೇ ಇಲ್ಲ.

ಪರ್ವತಯ್ಯನವರಿಗೆ ತೋರಿಸಿದೆ. ಖುಷಿಯಾಗಿ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿಗೆ ಲಿಂಕ್ ಹಾಕಿಯೇಬಿಟ್ಟರು. ‘ನಮ್ಮ ಗ್ರಾಮೀಣ ಪ್ರತಿಭೆ’. ಐನೂರು ಜನರ ಗ್ರೂಪು. ಸಂಜೆವರೆಗೂ ಚಪ್ಪಾಳೆಯ ಚಿತ್ರಗಳು. ನನಗೂ ಹಿತವಾಯಿತು, ಸುಳ್ಳೇಕೆ.

೨ ಡಿಸೆಂಬರ್, ಮಂಗಳವಾರ

ಮಧ್ಯಾಹ್ನ ಊಟದ ಹೊತ್ತಿಗೆ ಶೃತಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ. ಹೊರಗೆ ಹೋದೆ. ಫೋನ್ ಕೈಗೆ ಕೊಟ್ಟಳು. ನಿನ್ನೆಯಿಂದ ನಲವತ್ತಮೂರು ಕರೆ. ಗುರುತಿಲ್ಲದ ನಂಬರ್‌ಗಳು. ಎತ್ತಿದರೆ “ಬಂತಾ?” ಎಂದು ನಗುತ್ತಾರಂತೆ.

ಆ್ಯಪ್ ಎಲ್ಲಿಂದ ಎಲ್ಲಿಗೋ ಹೋಗಿದೆ. ಉಳಿದ ಗೇಟುಗಳ ಹುಡುಗಿಯರಿಗೂ ಒಂದೆರಡು ಕರೆ ಬಂದಿವೆ. ಆದರೆ ಅವರು ಇಬ್ಬರು ಮೂವರು ಒಟ್ಟಿಗೆ ಬಸ್ಸು ಹತ್ತುವವರು. ಕರೇಕಲ್ಲಿನಿಂದ ಇವಳೊಬ್ಬಳೇ. ಬೆಳಗ್ಗೆ ಗೇಟಿಗೆ ಬಂದರೆ ಒಂದು ಬೈಕ್ ನಿಂತಿತ್ತಂತೆ. ಇಬ್ಬರು. ಬಸ್ಸು ಯಾಕೆ, ನಾವು ಬಿಡ್ತೀವಿ ಬಾ ಎಂದರಂತೆ.

“ಹೆಸ್ರಿಡ್ದು ಕರುದ್ರು ಮೇಡಂ. ನಮ್ಮೂರೋರಲ್ಲ.”

ಪೊಲೀಸರಿಗೆ ಹೇಳೋಣ ಎಂದೆ. ಬೇಡ ಎಂದಳು. “ಅಪ್ಪಂಗ್ ಗೊತ್ತಾದ್ರೆ ಕಾಲೇಜು ಅಷ್ಟೇ.”

ಆ್ಯಪಿಗೆ ಹೆಸರು, ನಂಬರ್ ಹೋಗುವುದು ನಮ್ಮ ಫೋಲ್ಡರಿನ ಪಟ್ಟಿಯಿಂದ. ಪಟ್ಟಿ ಖಾಲಿಯಾದರೆ ಎಲ್ಲರ ಫೋನಿನಲ್ಲೂ ಖಾಲಿ. ಆಗಲೇ ಹೋಗಿ ಹನ್ನೊಂದೂ ಸಾಲು ಅಳಿಸಿದೆ. ಫೋಲ್ಡರ್ ಮುಚ್ಚಿದೆ. ಉಸಿರು ಬಿಟ್ಟೆ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಶೃತಿ ಕಂಡಳು. ಕೇಳಿದೆ. ಇನ್ನೂ ಆರು ಕರೆ. ನಂಬರನ್ನು ಆಗಲೇ ತಮ್ಮ ಫೋನಿಗೆ ಇಳಿಸಿಕೊಂಡವರಿದ್ದಾರೆ. ಅವರದನ್ನು ನಾನು ಹೇಗೆ ಅಳಿಸಲಿ.

೪ ಡಿಸೆಂಬರ್, ಗುರುವಾರ

ಶೃತಿ ಬಂದಿಲ್ಲ. ಅವಳ ಅಪ್ಪ ಬಂದರು.

ಕದಿರಯ್ಯ. ಗೂಡ್ಸ್ ಆಟೊ ಓಡಿಸುತ್ತಾರೆ. ನಿನ್ನೆ ಊಟ ಮಾಡುವಾಗ ಮಗಳ ಫೋನ್ ಬಡಿದುಕೊಂಡಿದ್ದು ಕೇಳಿ ತಾವೇ ಎತ್ತಿದರಂತೆ. ಆಮೇಲೆ ಗೇಟಿನ ಟೀ ಅಂಗಡಿಯಲ್ಲಿ ಯಾರೋ, ನಿನ್ ಮಗ್ಳ ನಂಬರ್ ಎಲ್ರ ಹತ್ರಾನೂ ಐತಂತಲ್ಲ ಎಂದಿದ್ದಾರೆ. ಅವಳೇ ಕೊಟ್ಟಳು ಎಂಬ ಹಾಗೆ.

ಪ್ರಿನ್ಸಿಪಾಲ್ ರೂಮಿನಲ್ಲಿ ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಟವೆಲ್ ಮಡಿಚಿ ಬಿಚ್ಚಿ ಮಡಿಚಿ, “ಯಾರ್ ಮಾಡಿದ್ದು ಅಂತ ಹೆಸ್ರೇಳಿ ಸಾ, ಸಾಕು” ಎಂದರು. ಮಗಳನ್ನು ಇನ್ನು ಕಳಿಸುವುದಿಲ್ಲವಂತೆ. ಹದಿನೈದಕ್ಕೆ ಲ್ಯಾಬ್ ಪರೀಕ್ಷೆ. ಅದು ಬರೆಯದಿದ್ದರೆ ಅವಳ ಸೆಮಿಸ್ಟರ್ ಹೋಯಿತು; ಬಿಡಿಸಿದರೆ ಮತ್ತೆ ಸೇರಿಸುವವರು ಯಾರು.

ಪರ್ವತಯ್ಯನವರು ಹೆಸರು ಹೇಳಿದರು. ಯುವರಾಜ್. ಸೋಮವಾರ ವಿಚಾರಣೆ, ಅಲ್ಲಿಯವರೆಗೆ ಅವನಿಗೆ ಲ್ಯಾಬಿಲ್ಲ. ಲಿಂಕನ್ನು ಐನೂರು ಜನಕ್ಕೆ ಕಳಿಸಿದ್ದು ಯಾರು ಎಂಬ ಮಾತು ಬರಲಿಲ್ಲ. ನಿಜವಾದ ನಂಬರೇ ಹಾಕಿ ಎಂದವರು ಯಾರು ಎಂಬ ಮಾತೂ.

ಬಾಯಿ ತೆರೆದೆ. ಮೇಜಿನ ಮೇಲಿದ್ದ ನೀರು ಕುಡಿದೆ.

೭ ಡಿಸೆಂಬರ್, ಭಾನುವಾರ, ಮಧ್ಯಾಹ್ನ ೩

ಇವರು ಶಿರಾದಿಂದ ನಿನ್ನೆ ಬಂದರು. ಕಡಲೆಕಾಯಿ ಮಂಡಿಯಲ್ಲಿ ಗುಮಾಸ್ತರು, ವಾರಕ್ಕೊಮ್ಮೆ ಬರುತ್ತಾರೆ. ಎಲ್ಲ ಹೇಳಿದೆ. ಪೇಪರ್ ಕೆಳಗಿಳಿಸದೆ ಕೇಳಿದರು. ಆಮೇಲೆ, “ಆ ಮಾತು ನಿನ್ ಹಾಳೇಲಿರೋದು ಹುಡುಗ್ರು ಬಿಟ್ರೆ ಯಾರಿಗ್ ಗೊತ್ತು? ತೆಗ್ದಾಕು. ಮುಂದಿನ್ ವರ್ಷ ಆರ್ಡರ್ ಬರ್ಬೇಕೋ ಬೇಡ್ವೋ” ಎಂದರು. ಕೆಟ್ಟವರಲ್ಲ. ಹೆದರಿದವರು. ಅವರ ಹಿಂದೆ ಅವಿತುಕೊಳ್ಳುವುದೂ ಸರಿಯಲ್ಲ.

ಅವರು ಮಲಗಿದ ಮೇಲೆ ಫೈಲ್ ತೆರೆದೆ. ದಪ್ಪಕ್ಷರದ ಸಾಲು ಅಳಿಸಿದೆ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಬಿಡಲಿಲ್ಲ. ಅದೇ ಜಾಗದಲ್ಲಿ ಹೊಡೆದೆ: ಕಾಲ್ಪನಿಕ ಹೆಸರು ಮತ್ತು ಸಂಖ್ಯೆಗಳನ್ನು ಮಾತ್ರ ಬಳಸಿ.

ಅರ್ಧ ನಿಮಿಷದ ಕೆಲಸ.

ಕವಿತೆಯ ಪುಸ್ತಕ ತೆಗೆದೆ. ಓದಲಾಗಲಿಲ್ಲ. ಕಪಾಟಿಗೆ ಇಟ್ಟೆ.

೮ ಡಿಸೆಂಬರ್, ಸೋಮವಾರ

ವಿಚಾರಣೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಪರ್ವತಯ್ಯನವರು ನನ್ನ ಹಾಳೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಹಾಕಿಸಿದರು. ನೋಡಿ, ಮೇಡಂ ಎಷ್ಟು ಸ್ಪಷ್ಟವಾಗಿ ಬರೆದಿದ್ದಾರೆ ಎಂದರು. ಯುವರಾಜ ಓದಿದ. ಇನ್ನೊಮ್ಮೆ ಓದಿದ. ನನ್ನ ಕಡೆ ತಿರುಗಿದ. ನಾನು ಪೆನ್ನಿನ ಮುಚ್ಚಳ ಹಾಕುತ್ತಿದ್ದೆ.

“ನಂದೇ ತಪ್ಪು ಸಾರ್. ಸರ್ಯಾಗ್ ಓದ್ಲಿಲ್ಲ.”

ಪರೀಕ್ಷೆಗೆ ಕೂರಿಸಬಾರದು, ಕಾಲೇಜಿನಿಂದ ಕೊಡುವ ಪೊಲೀಸ್ ದೂರಿನಲ್ಲಿ ಅವನ ಹೆಸರು ಹಾಕಬೇಕು — ತೀರ್ಮಾನ. ನಾಲ್ಕು ಸಹಿ. ಮೂರನೆಯದು ನನ್ನದು.

ಕಾರಿಡಾರಿನಲ್ಲಿ ಹಿಂದೆ ಬಂದ. ಬೈಯುತ್ತಾನೆ ಎಂದುಕೊಂಡೆ. ತಲೆ ತಗ್ಗಿಸಿ ಮೆಲ್ಲಗೆ ಹೇಳಿದ: “ಮೇಡಂ, ಆ ಫೈಲಲ್ಲಿ ವರ್ಷನ್ ಹಿಸ್ಟರಿ ಅಂತ ಇರ್ತೈತೆ. ಯಾರು ಯಾವತ್ತು ಏನ್ ತಿದ್ದುದ್ರು ಅಂತ ಎಲ್ಲಾ ತೋರುಸ್ತೈತೆ. ಯಾರಾರ ನೋಡ್ಬುಟ್ಟಾರು. ಹೊಸ ಫೈಲ್ ಮಾಡ್ಕೊಂಡು ಹಳೇದ್ನ ಡಿಲೀಟ್ ಮಾಡ್ಬುಡಿ.”

ಹೋದ. ಬೆಲ್ ಹೊಡೆಯಿತು.

೯ ಡಿಸೆಂಬರ್

ಡಿಲೀಟ್ ಮಾಡಿಲ್ಲ. ಬೇರೇನೂ ಮಾಡಿಲ್ಲ.

೧೧ ಡಿಸೆಂಬರ್, ಗುರುವಾರ

ಬೆಳಗ್ಗೆ ಆ ಹಿಸ್ಟರಿ ತೆರೆದು ಪ್ರಿಂಟ್ ತೆಗೆದೆ. ಇಪ್ಪತ್ತನಾಲ್ಕರ ಸಾಲು, ಏಳರ ತಿದ್ದುಪಡಿ, ಎರಡರ ಪಕ್ಕದಲ್ಲೂ ನನ್ನ ಹೆಸರು. ಕದಿರಯ್ಯನವರಿಗೆ ಫೋನ್ ಮಾಡಿ ಕಾಲೇಜಿಗೆ ಬರಲು ಕೇಳಿದೆ. ಬರುತ್ತಾರೆಂಬ ನಂಬಿಕೆ ಇರಲಿಲ್ಲ. ಬಂದರು.

ಅವರ ಮುಂದೆಯೂ ಪರ್ವತಯ್ಯನವರ ಮುಂದೆಯೂ ಹಾಳೆ ಇಟ್ಟು ಹೇಳಿದೆ. ಹಾಕಲು ಹೇಳಿದ್ದು ನಾನು. ಫೋಲ್ಡರ್ ತೆರೆದಿಟ್ಟಿದ್ದು ನಾನು. ಮುಚ್ಚಿಹಾಕಲು ತಿದ್ದಿದ್ದೂ ನಾನು. ಹುಡುಗ ನಾನು ಹೇಳಿದಂತೆ ಮಾಡಿದ.

ಪರ್ವತಯ್ಯನವರು ಎದ್ದು ಬಾಗಿಲು ಹಾಕಿ ಬಂದರು. ಮುಂದಿನ ವರ್ಷದ ಆರ್ಡರ್ ನೆನಪಿಸಿದರು, ಬಹಳ ಮೃದುವಾಗಿ. ಗ್ರೂಪಿಗೆ ಲಿಂಕ್ ಹಾಕಿದ್ದನ್ನು ನಾನು ನೆನಪಿಸಿದೆ. ಜೇಬಿನಲ್ಲಿ ಕನ್ನಡಕ ಹುಡುಕಿದರು. ಮೂಗಿನ ಮೇಲೇ ಇತ್ತು.

ಕೊನೆಗೆ ಯುವರಾಜ ಪರೀಕ್ಷೆಗೆ ಕೂರಬಹುದು. ದೂರಿನಲ್ಲಿ ಅವನ ಹೆಸರಿಲ್ಲ, ಕರೆ ಮಾಡಿದವರ ನಂಬರ್‌ಗಳಷ್ಟೇ. ಪರೀಕ್ಷೆ ಮುಗಿದ ಮೇಲೆ ಆ ಕ್ಲಾಸ್ ನನ್ನದಲ್ಲ. ಆರ್ಡರ್ ವಿಷಯ ‘ನೋಡೋಣ’.

ಕದಿರಯ್ಯನವರ ಕಡೆ ತಿರುಗಿದೆ. ಕೈಮುಗಿದೆ. ಅವರು ಮುಗಿಯಲಿಲ್ಲ.

“ಇಲ್ಲಿ ಬಾಗ್ಲಾಕ್ಕೊಂಡ್ ಹೇಳುದ್ರೆ ನಂಗೇನ್ ಬಂತು ಮೇಡಂ? ಜನ ಆಡ್ಕೊಂತಿರೋದು ನಮ್ ಗೇಟ್ ತಾವ. ಅಲ್ಲಿ ಬಂದ್ ಹೇಳಿ. ನಂಬರ್ ನಮ್ ಹುಡ್ಗಿ ಕೊಟ್ಟಿದ್ದಲ್ಲ ಅಂತ, ಎಲ್ರೂ ಇರೋವಾಗ.”

ಬರುತ್ತೇನೆ, ಸೋಮವಾರ ಬೆಳಗ್ಗೆಯೇ ಎಂದೆ. ಅವತ್ತು ಶೃತಿಯನ್ನು ಪರೀಕ್ಷೆಗೆ ಕಳಿಸುತ್ತೀರಾ ಎಂದೂ ಕೇಳಿದೆ.

“ಅದ್ ಆಮೇಲಿನ್ ಮಾತು.”

೧೪ ಡಿಸೆಂಬರ್, ಭಾನುವಾರ

ಇವರಿಗೆ ಹೇಳಿದೆ. ಊಟ ಅರ್ಧಕ್ಕೆ ಬಿಟ್ಟು ಕೈ ತೊಳೆದರು. ಸಂಜೆ ಹೊರಡುವಾಗ, ಬೆಳಗ್ಗೆ ಚಳಿ ಇರ್ತದೆ, ಶಾಲು ತಗೊಂಡು ಹೋಗು ಎಂದಷ್ಟೇ.

ಏನು ಹೇಳಬೇಕೆಂದು ಬರೆದುಕೊಂಡೆ. ಚೆನ್ನಾಗಿ ಬಂತು. ಚೆನ್ನಾಗಿ ಬಂತೆಂದೇ ಹರಿದೆ.

೧೫ ಡಿಸೆಂಬರ್, ಸೋಮವಾರ, ೬.೨೦, ಕರೇಕಲ್ಲು ಗೇಟ್

ಮಧುಗಿರಿಯಿಂದ ಮೊದಲನೇ ಬಸ್ಸಿಗೆ ಬಂದಿಳಿದೆ. ಟೀ ಅಂಗಡಿ ತೆರೆದಿದೆ. ಹಾಲಿನ ಡೇರಿಯಿಂದ ಬರುವವರು, ಕೆಲಸಕ್ಕೆ ಹೋಗುವವರು, ಎಂಟು ಹತ್ತು ಜನ. ಕದಿರಯ್ಯ ಬಂದಿಲ್ಲ. ಶಾಲು ಬಿಗಿಯಾಗಿ ಹೊದ್ದುಕೊಂಡೆ.

ಆಟೊ ಬಂತು. ಇಳಿಯಲಿಲ್ಲ, ಎಂಜಿನ್ ನಿಲ್ಲಿಸಲಿಲ್ಲ. ಅಲ್ಲಿಂದಲೇ ನೋಡುತ್ತಿದ್ದಾರೆ. ಹೋಗುತ್ತೇನೆ.

೬.೫೦

ಹೇಳಿದೆ. ನಾನು ಮಧುಗಿರಿ ಕಾಲೇಜಿನ ಮೇಡಂ, ಶೃತಿಯ ನಂಬರ್ ಅವಳು ಯಾರಿಗೂ ಕೊಟ್ಟಿದ್ದಲ್ಲ, ನನ್ನ ಪಾಠದಿಂದ ಹೊರಗೆ ಹೋಯಿತು, ತಪ್ಪು ಮುಚ್ಚಲು ನೋಡಿದೆ, ಅದೂ ನನ್ನದೇ ತಪ್ಪು. ಇಷ್ಟೇ. ಅಂಗಡಿಯ ಪಾಪಕ್ಕ ಸ್ಟವ್ ಸಣ್ಣ ಮಾಡಿ ಕೇಳಿದರು. ಹಾಲಿನ ಕ್ಯಾನ್ ಹಿಡಿದಿದ್ದವನೊಬ್ಬ, ಓದ್ಸೋರೇ ಇಂಗ್ ಮಾಡುದ್ರೆ ಇನ್ ಓದೋರ್ ಗತಿ ಏನು ಎಂದ. ನಕ್ಕರು ಇಬ್ಬರು. ಒಬ್ಬ ಹುಡುಗ ಫೋನನ್ನು ಜೇಬಿಗೆ ಹಾಕಿ ಆಚೆ ತಿರುಗಿದ.

ಆಗ ಪಾಪಕ್ಕ, “ಅಂಗಾರೆ ಆ ಮಗಿಂದು ಏನೂ ಇಲ್ಲ ಅನ್ನಿ. ನಾವೇ ಬಾಯಿಗ್ ಬಂದಂಗ್ ಆಡ್ಬುಟ್ವಿ ಕಣಮ್ಮ” ಎಂದರು. ಎಲ್ಲರಿಗೂ ಕೇಳುವಂತೆ.

ತಿರುಗಿ ನೋಡಿದರೆ ಆಟೊ ಇಲ್ಲ. ಊರೊಳಕ್ಕೆ ತಿರುಗಿಸಿಕೊಂಡು ಹೋಗಿದ್ದಾರೆ. ಕೇಳಿಸಿಕೊಂಡರೋ, ಎಷ್ಟು ಕೇಳಿಸಿಕೊಂಡರೋ.

ಪಾಪಕ್ಕ ಕೊಟ್ಟ ಟೀ ಪಕ್ಕದಲ್ಲಿದೆ. ಕುಡಿಯಲಾಗುತ್ತಿಲ್ಲ. ಪರೀಕ್ಷೆ ಹತ್ತಕ್ಕೆ. ಈ ಬಸ್ಸು ಬಿಟ್ಟರೆ ಇನ್ನೊಂದು ಒಂಬತ್ತೂವರೆಗೆ, ಅದರಲ್ಲಿ ತಲುಪಲಾಗದು.

೭.೦೪

ದೂರದ ತಿರುವಿನಲ್ಲಿ ಬಸ್ಸಿನ ಲೈಟು. ಊರ ದಾರಿಯಲ್ಲಿ ಯಾರೂ ಇಲ್ಲ... ಇಲ್ಲ, ಆಟೊ ಬರುತ್ತಿದೆ. ಹುಣಸೇಮರದ ಹತ್ತಿರ ನಿಂತಿತು. ಶೃತಿ ಇಳಿದಳು. ಬ್ಯಾಗಿದೆ. ಓಡುತ್ತಿಲ್ಲ. ಅಂಗಡಿಯ ಎಲ್ಲರೂ ನೋಡುತ್ತಿದ್ದಾರೆ, ನಡೆದೇ ಬರುತ್ತಿದ್ದಾಳೆ. ಬಸ್ಸು ಬಂದೇಬಿಟ್ಟಿತು, ಹಾರ್ನ್ ಹೊಡೆಯುತ್ತಿದೆ. ಕಂಡಕ್ಟರಿಗೆ ಹೇಳಬೇಕು, ಒಂದು ನಿಮಿಷ