ಸೌಟು ಹಿಡಿದು ಮೂರು ಉಸಿರು

ಗೋಡೆಯಾಚೆಯ ಅಜ್ಜನಿಗೆ,

ನಾವು ಉಡುಪಿಯಿಂದ ಡಚ್ಚರ ನಾಡಿನ ಈ ಜೂಟರ್‌ಮೀರ್‌ಗೆ ಬಂದ ವಾರವೇ ಬೇಲಿಯ ಮೇಲಿಂದ ಕೈಚಾಚಿ ಪರಿಚಯ ಹೇಳಿಕೊಂಡಿರಿ. "ಇಂಗ್ಲೆಂಡಿನ ಆ್ಯಕ್ಟರ್. ಡಚ್ ಹೆಂಡತಿ ಹಿಂದೆ ಬಂದೆ. ಅವಳು ಹೋದಳು, ನಾನು ಇಲ್ಲೇ ಉಳಿದೆ." ರಂಗದ ಮೇಲೆ ಜನರನ್ನು ಬಿದ್ದುಬಿದ್ದು ನಗಿಸಿದವರು ನೀವು, ಸಿನಿಮಾದಲ್ಲಿ ಮಾತ್ರ ಯಾವಾಗಲೂ ವೇಟರ್. ಒಂದು ಚಿತ್ರದಲ್ಲಂತೂ ನಿಮ್ಮ ಮುಖವನ್ನೇ ಕತ್ತರಿಸಿ, ಸೂಪ್ ಹಿಡಿದ ಕೈಯನ್ನಷ್ಟೇ ಉಳಿಸಿದ್ದರು. ಅದನ್ನೂ ಹೆಮ್ಮೆಯಿಂದ ತೋರಿಸಿದಿರಲ್ಲ, ಬೇಜಾರೇ ಆಗಿರಲಿಲ್ಲವೇ ನಿಮಗೆ?

ಕನ್ನಡ ಕೂಟದ ನಾಟಕದಲ್ಲಿ ನನಗೆ ಮದುವೆಮನೆಯ ಅಡುಗೆಯವಳ ಪಾತ್ರ ಸಿಕ್ಕಿತೆಂದಾಗ ನಿಮ್ಮ ಮುಖ ಅರಳಿತು. ಕೊರೊನಾ ಕಾಲ. ನಿಮ್ಮ ಹಿತ್ತಲಲ್ಲಿ ನೀವು, ನಮ್ಮದರಲ್ಲಿ ನಾನು, ನಡುವೆ ಬೇಲಿ. ಹಾಗೇ ತಾಲೀಮು. ಪಂಕ್ತಿ ಕೂತಾಗಿದೆ, ಸಾರಿನ ರುಚಿ ನೋಡುತ್ತೇನೆ, ಉಪ್ಪೇ ಇಲ್ಲ. ಕನ್ನಡದ ಒಂದಕ್ಷರ ಬಾರದ ನೀವು ಅಲ್ಲೇ ನನ್ನನ್ನು ತಡೆದಿರಿ. "ಈಗ ಮಾತಾಡಬೇಡಮ್ಮ. ಸೌಟು ಹಿಡಿದು ಮೂರು ಉಸಿರು ನಿಲ್ಲು. ನಗು ಬಂದೇ ಬರುತ್ತೆ. ಆಮೇಲೆ ನಿನ್ನ ಡೈಲಾಗ್."

ಕೊನೆಗೆ ನಾಟಕ ಆನ್‌ಲೈನ್‌ನಲ್ಲೇ ಆಯಿತು. ನೋಡುವವರ ಮೈಕ್ ಎಲ್ಲ ಬಂದ್. ಸೌಟು ಎತ್ತಿದೆ; ಎಲ್ಲೆಲ್ಲೂ ಮೌನ. ಹೆದರಿಬಿಟ್ಟೆ. "ಪರವಾಗಿಲ್ಲ, ಬಡಿಸಿ" ಎಂದು ಗಡಿಬಿಡಿಯಲ್ಲಿ ಒದರಿದೆ. "ಅಮ್ಮಾ, ಯು ಡಿಡಂಟ್ ವೇಟ್!" ಎಂದಳು, ನಮ್ಮ ತಾಲೀಮು ನೋಡಿದ್ದ ಮಗಳು. ನೀವು ಮಾತ್ರ ಪರದೆಯ ಮೂಲೆಯಲ್ಲಿ ಸದ್ದಿಲ್ಲದೆ ಚಪ್ಪಾಳೆ ತಟ್ಟುತ್ತಿದ್ದಿರಿ. ಮರುದಿನ ಬೇಲಿಯ ಹತ್ತಿರ ಬಂದು ತಪ್ಪಾಯಿತು ಅನ್ನಬೇಕಿತ್ತು. ನಾಚಿಕೆಯಿಂದ ನಾಳೆ, ನಾಡಿದ್ದು ಎಂದು ಮುಂದೂಡಿದೆ. ಅಷ್ಟರಲ್ಲಿ ನಿಮಗೆ ಜ್ವರ, ಆಸ್ಪತ್ರೆ, ಆಮೇಲೆ...

ನಿಮ್ಮ ಅಂತ್ಯಕ್ರಿಯೆಯನ್ನೂ ಅದೇ ಲ್ಯಾಪ್‌ಟಾಪಿನಲ್ಲಿ ನೋಡಿದೆ. ದೂರದೂರ ಹಾಕಿದ ಕುರ್ಚಿಗಳು, ಮಾಸ್ಕ್ ತೊಟ್ಟ ನಾಲ್ಕಾರು ಜನ. ನಗಿಸುವುದೇ ಬದುಕಾಗಿದ್ದವರಿಗೆ ಅಷ್ಟೊಂದು ಮೌನವೇ? ನನಗೆ ಸಿಟ್ಟು ಬಂತು ಅಜ್ಜಾ, ತುಂಬಾ ಅತ್ತೆ.

ಕಳೆದ ಶನಿವಾರ, ಹಾಲ್‌ಗಳು ತೆರೆದ ಮೇಲೆ, ಅದೇ ನಾಟಕವನ್ನು ಜನರೆದುರು ಆಡಿದೆವು. ರುಚಿ ನೋಡಿದೆ, ಸೌಟು ಹಿಡಿದು ನಿಂತೆ. ಒಂದು ಉಸಿರು, ಏನೂ ಇಲ್ಲ. ಎರಡನೆಯದಕ್ಕೆ ಯಾರೋ ಕೆಮ್ಮಿದರು, ಎಲ್ಲರೂ ಗಾಬರಿಯಿಂದ ಅತ್ತ ತಿರುಗಿದರು. ಇನ್ನು ಕೆಟ್ಟಿತು ಅಂದುಕೊಂಡೆ, ಆದರೂ ಬಾಯಿ ತೆರೆಯಲಿಲ್ಲ. ಮೂರನೆಯ ಉಸಿರಿಗೆ ಹಿಂದಿನ ಸಾಲಿನ ಹೆಂಗಸೊಬ್ಬರು ಕಿಸಕ್ಕೆಂದರು. ಆಮೇಲೆ ಇಡೀ ಹಾಲ್. ಆ ನಗು ನಿಲ್ಲುವವರೆಗೂ ಸೌಟು ಇಳಿಸಲಿಲ್ಲ.

ಈ ಸಲ ಕಾದೆ, ಅಜ್ಜಾ.

ನಿಮ್ಮ ಪಕ್ಕದ ಮನೆಯ
ಅಡುಗೆಯವಳು