ಅರ್ಚಾಳ ಎಡಗಾಲಿನ ಫೋಟೋ

ಬೊಕೊನ್‌ಬಾಯೆವೊ
ಮಾರ್ಚ್ 29

ಪ್ರೀತಿಯ ಓಸ್ಮೊನಾಕುನ್,

ಹೇಗಿದ್ದೀಯಪ್ಪಾ? ಉಸಿರು ಸಲೀಸಾಗಿ ಆಡುತ್ತಿದೆಯೇ? ಮಗಳು ಗುಲ್ಸುನ್, ಅಳಿಯ, ಐದನೇ ಮಹಡಿಯ ಆ ನಿನ್ನ ಕಿಟಕಿ, ಎಲ್ಲರೂ ಕ್ಷೇಮವೇ? ಅಕ್ಟೋಬರಿನಲ್ಲಿ ನೀನು ಬಿಷ್ಕೆಕ್ ಬಸ್ಸು ಹತ್ತಿದ ಮೇಲೆ ನನ್ನಿಂದ ಒಂದು ಅಕ್ಷರವಿಲ್ಲ, ಒಂದು ಫೋನಿಲ್ಲ. ತಪ್ಪಾಯಿತು. ಕಾರಣ ಕೇಳಬೇಡ. ಕೇಳಿಯೇ ತೀರುತ್ತೇನೆ ಅಂದರೆ, ಈ ಸಲದ ಚಳಿಗೆ ನನ್ನ ಪೆನ್ನಿನ ಶಾಯಿ ಹೆಪ್ಪುಗಟ್ಟಿತ್ತು ಅಂತ ಇಟ್ಟುಕೋ. "ಫೋನಿಗೆ ಯಾರು ಶಾಯಿ ಹಾಕ್ತಾರಂತೆ?" ಎಂದು ನನ್ನಾಕೆ ಸೈರಕಾನ್ ಪಕ್ಕದಿಂದ ಕೇಳುತ್ತಿದ್ದಾಳೆ. ಅವಳ ಮಾತನ್ನು ತಲೆಗೆ ಹಾಕಿಕೊಳ್ಳಬೇಡ.

ಲಕೋಟೆಯಲ್ಲಿ ಒಂದು ಫೋಟೋ ಇದೆ. ಗೊತ್ತು, ಮೊದಲು ಅದನ್ನೇ ಎಳೆದು ನೋಡಿರುತ್ತೀಯ. ಮರ್ಯಾದೆಯಾಗಿ ವಾಪಸ್ ಒಳಗಿಡು. ಕಥೆ ಮೊದಲು.

ಊರಿನ ಸುದ್ದಿ ಅಂಥದ್ದೇನಿಲ್ಲ. ನೋರುಜ್ ಹಬ್ಬ ಮುಗಿಯಿತು, ಕೆರೆಯ ದಂಡೆಯ ಮಂಜು ಕರಗಿತು. ಅರ್ಚಾ ಕೂರುತ್ತಿದ್ದ ನಿನ್ನ ಅಂಗಳದ ಗೂಟದ ಮೇಲೆ ಈಗ ನಮ್ಮ ಹುಂಜ ಕೂರುತ್ತದೆ. ಗಿಡುಗ ಕೂತ ಪೀಠದಲ್ಲಿ ಹುಂಜ! ಈ ಬೀದಿಯ ಮಾನ ಎಲ್ಲಿಗೆ ಬಂತು ನೋಡು. ಆ ಹುಂಜಕ್ಕಂತೂ ಗರ್ವ ತಡೆಯಲಾಗುತ್ತಿಲ್ಲ, ಬೆಕ್ಕಿಗೇ ಬುದ್ಧಿ ಹೇಳಲು ಹೋಗುತ್ತದೆ.

ನಿನ್ನ ಸುದ್ದಿ ಮಾತ್ರ ನನಗೆ ಸಿಗುತ್ತಲೇ ಇತ್ತು. ಗುಲ್ಸುನ್ ಸೈರಕಾನಳಿಗೆ ಫೋನು ಮಾಡುತ್ತಾಳಲ್ಲ. "ಅತ್ತೇ, ಅಪ್ಪ ಊಟಕ್ಕೆ ಕೂತ್ರೆ ಮಾಂಸದ ತುಂಡು ಕೈಲಿ ಹಿಡ್ಕೊಂಡು ಕಿಟಕಿ ನೋಡ್ತಾ ಇರ್ತಾರೆ. 'ಇಷ್ಟು ವರ್ಷ ನನ್ನ ಕೈಯಿಂದ ತಿಂದ ಹಕ್ಕಿ, ಈ ಹಿಮದಲ್ಲಿ ಸತ್ತೇ ಹೋಗಿರುತ್ತೆ, ಕೊಂದವನು ನಾನೇ' ಅಂತಾರೆ. ತಟ್ಟೆ ಹಾಗೇ ಇರುತ್ತೆ" ಎಂದಳಂತೆ. ಅದನ್ನು ಕೇಳಿದ ದಿನ ನನಗೂ ಊಟ ಸೇರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಗಿತ್ತು ಅಂತ ಸೈರಕಾನಳ ಮೇಲೆ ಹಾಕಿದೆ.

ನೀನೇನು ಸುಮ್ಮನೆ ಬಿಟ್ಟೆಯಾ ಅರ್ಚಾಳನ್ನು? ನಿನ್ನ ಶ್ವಾಸಕೋಶಕ್ಕೆ ಈ ಎತ್ತರ ಆಗದು ಎಂದು ಡಾಕ್ಟರು ಹೇಳಿದರು. ಐದನೇ ಮಹಡಿಯಲ್ಲಿ ಗಿಡುಗ ಸಾಕಲಾಗದು ಎಂದು ಅಳಿಯ ಹೇಳಿದ. ಕುರಿ ಕಡಿದು, ಕೊನೆಯ ತುತ್ತು ತಿನ್ನಿಸಿ, ಕಾಲಿನ ಪಟ್ಟಿ ಬಿಚ್ಚಿ ಹಾರಿಸಿದೆ. ಎಲ್ಲಿಗೆ ಹೋದಳೆಂದು ನೋಡಬಾರದಲ್ಲ, ಇಬ್ಬರೂ ಬೆನ್ನು ತಿರುಗಿಸಿ ನಿಂತೆವು. ಬಿಟ್ಟ ಹಕ್ಕಿಯನ್ನು ಮತ್ತೆ ಕರೆಯಬಾರದು, ಕರೆದರೆ ಬಂದುಬಿಡುತ್ತದೆ, ಆಮೇಲೆ ಅದು ಕಾಡಿನದೂ ಅಲ್ಲ ಮನೆಯದೂ ಅಲ್ಲ ಎಂದು ನಿಮ್ಮಪ್ಪನೂ ನಮ್ಮಪ್ಪನೂ ಕಿವಿ ಹಿಂಡಿ ಕಲಿಸಿದ್ದು ಮರೆಯುವಂಥದ್ದೇ? ನೀನು ಅತ್ತೆ. ನಾನು ಅಳಲಿಲ್ಲ, ಕಣ್ಣಿಗೆ ಧೂಳು ಬಿತ್ತು. ಗಾಳಿ ಇರಲಿಲ್ಲ, ಅದು ಬೇರೆ ವಿಷಯ.

ಈಗ ಕೇಳು. ಕಳೆದ ವಾರ ಸೈರಕಾನಳ ತಂಗಿಯ ಮಗನ ಮದುವೆಗೆಂದು ನಾರಿನ್‌ಗೆ ಹೊರಟೆವು. ನನ್ನ ಝಿಗುಲಿ ಕಾರಿನ ಸ್ವಭಾವ ನಿನಗೆ ಗೊತ್ತು. ಏರು ಬಂದರೆ ಕುರಿಮಂದೆಗೂ ದಾರಿ ಬಿಟ್ಟುಕೊಡುವಷ್ಟು ವಿನಯ. ಹಿಂದಿನ ಸೀಟಿನಲ್ಲಿ ಎಣ್ಣೆಯಲ್ಲಿ ಕರಿದ ಬೌರ್ಸೋಕ್ ತುಂಬಿದ ಚೀಲ, ಮುಂದಿನ ಸೀಟಿನಲ್ಲಿ ಸೈರಕಾನ್, ಅವಳ ಕೈಯಲ್ಲಿ ಹೊಸ ಫೋನು. ಕೊಚ್ಕೋರ್ ದಾಟುವಷ್ಟರಲ್ಲಿ ಕುದುರೆ, ಮೋಡ, ಪೆಟ್ರೋಲ್ ಬಂಕು, ನನ್ನ ಬಲಗಿವಿ, ಎಲ್ಲದರ ಫೋಟೋ ತೆಗೆದಾಗಿತ್ತು.

ಡೋಲೋನ್ ಘಟ್ಟ ಇಳಿದು, ದೇವದಾರು ಮರಗಳು ಶುರುವಾಗುವ ತಿರುವಿನಲ್ಲಿ ಕಿರುಚಿದಳು: "ರೀ, ನಿಲ್ಸಿ! ಗಿಡುಗ!"

"ಕಾಗೆ ಇರ್ಬೇಕು ಬಿಡೇ."

"ಗಿಡುಗ ಹಿಡಿಯೋನ ಜೊತೆ ಇಷ್ಟು ಕಾಲ ಸಂಸಾರ ಮಾಡಿ ನಂಗೆ ಕಾಗೆ ಯಾವ್ದು ಅಂತ ಗೊತ್ತಾಗಲ್ವಾ? ನಿಲ್ಲಿಸ್ತೀರೋ, ನಾನೇ ಧುಮುಕ್ಲೋ?"

ಧುಮುಕಿದರೂ ಪೆಟ್ಟಾಗುವ ವೇಗದಲ್ಲಿ ಕಾರು ಇರಲಿಲ್ಲ. ಆದರೂ ನಿಲ್ಲಿಸಿದೆ.

ರಸ್ತೆಯಂಚಿನ ಹಿಮದ ಗುಡ್ಡೆಯ ಮೇಲೆ, ಆಗಷ್ಟೇ ಹೊಡೆದ ಕೌಜುಗವನ್ನು ಒತ್ತಿಹಿಡಿದು ಕೂತಿತ್ತು. ಬೂದುಬಣ್ಣದ ಬೆನ್ನು, ಬಿಳಿ ಹುಬ್ಬು, ಯಾರಿಗೂ ಸಲಾಮು ಹೊಡೆಯದ ಆ ಕಣ್ಣು. ಕಾರಿನ ಬಾಗಿಲು ಕೂಡ ಕೆಮ್ಮದೆ ತೆರೆದುಕೊಂಡಿತು. ಸೈರಕಾನಳ ಮೊದಲ ಫೋಟೋದಲ್ಲಿ ಬಂದದ್ದು ಅವಳ ಹೆಬ್ಬೆರಳು. ಎರಡನೆಯದರಲ್ಲಿ ನನ್ನ ಮೂಗು, ಹಿಂದೆ ಎಲ್ಲೋ ಗಿಡುಗ. ಮೂರನೆಯದಕ್ಕೆ ಕೈ ಗಟ್ಟಿ ಮಾಡಿಕೊಂಡಾಗ ಹಕ್ಕಿ ಎಡಗಾಲು ಎತ್ತಿ ಕೊಕ್ಕಿಗಂಟಿದ ಪುಕ್ಕ ಕೆರೆದುಕೊಂಡಿತು.

ಹಿಂಬೆರಳಿಗೆ ಉಗುರಿರಲಿಲ್ಲ.

ನರಿಯ ಜೊತೆ ಜಗಳಕ್ಕೆ ಹೋಗಿ ಉಗುರು ಕಳೆದುಕೊಂಡ ಕಾಲು. ನೀನು ಕುರಿಕೊಬ್ಬು ಸವರಿ ಸವರಿ ಉಳಿಸಿದ ಕಾಲು.

"ಅರ್ಚಾ ಕಣ್ರೀ!" ಸೈರಕಾನ್ ಪಿಸುಗುಟ್ಟಿದಳು. "ಕರೀರಿ ಒಂದ್ಸಲ."

"ಕರೆಯೋ ಹಾಗಿಲ್ಲ ಕಣೇ."

"ಮತ್ತೆ ಕೈ ಯಾಕೆ ಎತ್ತಿದ್ದೀರಿ?"

ನೋಡುತ್ತೇನೆ, ನನ್ನ ಎಡಮುಷ್ಟಿ ಎದೆಯ ಮುಂದೆ ನಿಂತಿದೆ! ನನ್ನನ್ನು ಒಂದು ಮಾತು ಕೇಳದೆ ತಾನಾಗಿ ಎದ್ದು ನಿಂತಿದೆ. ಹಳೇ ಸಿಪಾಯಿ ಕಹಳೆ ಕೇಳಿ ಎದ್ದ ಹಾಗೆ. ಕೈಗವಸು ಬೇರೆ ಇಲ್ಲ.

ಅರ್ಚಾ ಅದನ್ನು ನೋಡಿದಳು. ಮೈಗರಿ ಬಿಗಿಮಾಡಿ, ಮುಂದೆ ಬಾಗಿ, ರೆಕ್ಕೆ ಅರ್ಧ ಬಿಚ್ಚಿದಳು. ನಿನ್ನ ಕೈಗೆ ಬರುವ ಮೊದಲು ಮಾಡುತ್ತಿದ್ದಳಲ್ಲ, ಥೇಟ್ ಹಾಗೇ. ಬಂದು ಕೂತಿದ್ದರೆ ನನ್ನ ಮಣಿಕಟ್ಟಿನ ಮೂಳೆ ಕಾಣುತ್ತಿತ್ತು. ಆಣೆ ಮಾಡಿ ಹೇಳುತ್ತೇನೆ, ನಾನು ಹೆದರಿದ್ದು ಅದಕ್ಕಲ್ಲ. ಬಂದೇಬಿಡುತ್ತಾಳಲ್ಲ ಎಂದು ಹೆದರಿದೆ.

"ಇಳಿಸ್ರೀ ಕೈನ! ಪಾಪದ ಹಕ್ಕಿ ಅದು, ಕೆಡಿಸ್ಬೇಡಿ" ಎಂದಳು ಸೈರಕಾನ್. ಈಗಷ್ಟೇ ಕರೆಯಿರಿ ಅಂದವಳು ಇವಳೇ! ಕೈಯನ್ನು ಕೋಟಿನ ಜೇಬಿಗೆ ತುರುಕಿ, ಬಜಾರಿನಲ್ಲಿ ಸಿಕ್ಕಿಬಿದ್ದ ಕಳ್ಳನ ಹಾಗೆ ತಲೆ ತಗ್ಗಿಸಿ ನಿಂತೆ. ಅರ್ಚಾ ಒಂದಷ್ಟು ಹೊತ್ತು ನೋಡಿದಳು. ಆಮೇಲೆ ಕೌಜುಗವನ್ನು ಎತ್ತಿಕೊಂಡು ಮರಗಳ ಕಡೆ ಹೋದಳು. ಹಿಂದೆ ತಿರುಗಲಿಲ್ಲ. ಅಪ್ಪಟ ಕಾಡಿನ ಹಕ್ಕಿ.

ಈಗ ಲಕೋಟೆಯಿಂದ ಫೋಟೋ ತೆಗೆ. ಆ ಮೂರನೆಯದನ್ನೇ ನಾರಿನ್ ಬಜಾರಿನಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದೇನೆ. ಮದುವೆಗೆ ತಡವಾದದ್ದಕ್ಕೆ ನಾದಿನಿ ಇನ್ನೂ ಮಾತು ಬಿಟ್ಟಿದ್ದಾಳೆ. ಕಾಲು ನೋಡು. ಎದೆಯ ತುಂಬು ನೋಡು. ಹಿಮವನ್ನು ಗೆದ್ದಿದ್ದಾಳೆ, ತಾನೇ ಬೇಟೆಯಾಡಿ ತಿನ್ನುತ್ತಿದ್ದಾಳೆ. ನೀನು ಯಾರನ್ನೂ ಕೊಂದಿಲ್ಲ. ಇನ್ನು ತಟ್ಟೆ ಖಾಲಿ ಮಾಡಪ್ಪಾ.

ನಿನ್ನ ಉಸಿರು ಉದ್ದವಾಗಲಿ, ಗುಲ್ಸುನಳ ಒಲೆ ಬೆಚ್ಚಗಿರಲಿ, ಅಳಿಯನಿಗೆ ದೇವರು ಒಳ್ಳೆಯ ಬುದ್ಧಿಯನ್ನೂ ನೆಲಮಹಡಿಯ ಮನೆಯನ್ನೂ ಕೊಡಲಿ.

ನಿನ್ನ
ಕಚ್ಕಿನ್‌ಬಾಯ್

ತಾ.ಕ.: ಶಾಯಿ ಹೆಪ್ಪುಗಟ್ಟಿರಲಿಲ್ಲ. ಚಳಿಗಾಲವೆಲ್ಲ ಸಂಜೆಯಾದರೆ ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಡುತ್ತಿದ್ದೆ. ಬಿಟ್ಟ ಮೇಲೆ ಕರೆಯಬಾರದು ಅನ್ನುವುದನ್ನು ನಿನಗೂ ಹಚ್ಚಿಬಿಟ್ಟಿದ್ದೆ. ನನ್ನ ದನಿ ಕೇಳಿದರೆ ನೀನು ಗಂಟುಮೂಟೆ ಕಟ್ಟಿ ಬಂದೇಬಿಡುತ್ತೀಯ, ಈ ಎತ್ತರದಲ್ಲಿ ನಿನ್ನ ಉಸಿರು ನನ್ನ ಕಣ್ಣೆದುರೇ ನಿಂತುಹೋಗುತ್ತದೆ ಅಂತ ಭಯ. ದಾರಿಯಲ್ಲಿ ಸೈರಕಾನಳಿಗೆ ಇದನ್ನು ಹೇಳಿದೆ. "ಅವರೇನು ಹಕ್ಕೀನೇನ್ರೀ? ಕರೆದ್ರೆ ಬರ್ಲೇಬೇಕು ಅಂತಿದ್ಯಾ? ಕೂತಲ್ಲೇ ಮಾತಾಡ್ತಾರೆ" ಅಂದಳು. ಅದಕ್ಕೇ ಹೇಳುತ್ತೇನೆ, ಬರಬೇಡ. ಅಲ್ಲೇ ಇರು. ಭಾನುವಾರ ಸಂಜೆ ಫೋನು ಮಾಡುತ್ತೇನೆ. ಮಾತು ಹೊರಡದಿದ್ದರೆ ಬೇಡ, ಇಬ್ಬರೂ ಸುಮ್ಮನಿರೋಣ. ನೀನು ಉಸಿರಾಡುವುದು ಕೇಳಿಸಿದರೆ ಸಾಕು.